ಧೂಳಿನ ಹಾದಿಯಲ್ಲಿ ಎಂಜಿನ್ ಏಕೆ ಕಾದು ನಿಲ್ಲುತ್ತದೆ?

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ: ಸ್ವಚ್ಛ ವಾಹಿನಿ, ಟ್ರ್ಯಾಕ್ಟರ್ ಮತ್ತು ನೀರಿನ ಟ್ಯಾಂಕರ್‌ಗಳ ನಿರ್ವಹಣೆ

1. ಪೀಠಿಕೆ



ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯು ಇಂದು ಗ್ರಾಮ ಪಂಚಾಯತಿಗೆ ಕುಡಿಯುವ ನೀರಿನ ಪಂಪಿನಷ್ಟೇ ಅಗತ್ಯವಾದ ಆಸ್ತಿಯಾಗಿದೆ. ಅನೇಕ ಕಡೆಗಳಲ್ಲಿ ಸಂಜೀವಿನಿ ಒಕ್ಕೂಟದ ಮಹಿಳೆಯರು ಚಾಲನಾ ತರಬೇತಿ ಪಡೆದು ಈ ವಾಹನಗಳನ್ನು ನಡೆಸುತ್ತಿದ್ದಾರೆ. ಪಂಪು ಕೆಟ್ಟರೆ ಅಂದೇ ದೂರು ಬರುತ್ತದೆ. ವಾಹನ ಕೆಡುತ್ತಿರುವುದು ಮಾತ್ರ, ಅದು ರಸ್ತೆಯ ನಡುವೆ ನಿಲ್ಲುವವರೆಗೂ ಚಾಲಕಿಯ ಹೊರತು ಯಾರ ಗಮನಕ್ಕೂ ಬರುವುದಿಲ್ಲ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಒಂದು ಗ್ರಾಮ ಪಂಚಾಯತಿಯಲ್ಲಿ ನಡೆದ ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇನೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಸ್ವಚ್ಛ ವಾಹಿನಿಯ ಚಾಲಕಿ ಕಚೇರಿಗೆ ಬಂದು, "ಗಾಡಿ ಏದುಸಿರು ಬಿಡ್ತದೆ ಸರ್, ಏರಿನಲ್ಲಿ ಎಳೀತಿಲ್ಲ, ಸೂಜಿ ಮೇಲೆ ಮೇಲೆ ಹೋಗ್ತದೆ" ಎಂದರು. ನಾನು ಕಡತ ತೆರೆದು ನೋಡಿದೆ. "ಸರ್ವಿಸಿಗೆ ಇನ್ನೂ ಮೂರು ಸಾವಿರ ಕಿಲೋಮೀಟರ್ ಉಂಟು ಅಕ್ಕಾ, ಸ್ವಲ್ಪ ನೋಡಿಕೊಂಡು ಓಡಿಸಿ" ಎಂದು ಹೇಳಿ ಕಳುಹಿಸಿದೆ. ನಾಲ್ಕನೆಯ ದಿನ ಚಿರೇಕಲ್ಲಿನ ಏರುದಾರಿಯಲ್ಲಿ ವಾಹನ ಹಬೆ ಉಗುಳಿ ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ದುರಸ್ತಿಗೆ ಹೋದ ವಾಹನ ಮರಳುವವರೆಗೆ ಕೇರಿಗಳಲ್ಲಿ ಕಸ ರಾಶಿಬಿದ್ದಿತು.

ಮುಂದಿನ ಸಾಮಾನ್ಯ ಸಭೆಯಲ್ಲಿ, ದುರಸ್ತಿಯ ವೆಚ್ಚವನ್ನು ಚಾಲಕಿಯ ಗೌರವಧನದಿಂದ ವಸೂಲು ಮಾಡಬೇಕೆಂಬ ಪ್ರಸ್ತಾಪ ಬಂತು. ಆಗ ಮೆಕ್ಯಾನಿಕ್ ಆ ವಾಹನದ ಏರ್ ಫಿಲ್ಟರನ್ನು ತಂದು ಮೇಜಿನ ಮೇಲೆ ಹಾಸಿದ ಪತ್ರಿಕೆಯ ಮೇಲೆ ಕೊಡವಿದರು. ಕೆಂಪು ಧೂಳು ಗುಡ್ಡೆಯಾಗಿ ಬಿತ್ತು. ಎಂಜಿನಿಯರಿಂಗ್ ಓದಿದ ನಾನು ಮೊದಲ ದಿನವೇ ತೆರೆಸಿ ನೋಡಬೇಕಾಗಿದ್ದ ಭಾಗವದು. ತಪ್ಪು ಚಾಲಕಿಯದಲ್ಲ, ಕಿಲೋಮೀಟರಿನ ಲೆಕ್ಕವನ್ನೇ ನಂಬಿದ ನನ್ನದು ಎಂದು ಸಭೆಯಲ್ಲಿ ಒಪ್ಪಿಕೊಂಡೆ. ಪ್ರಸ್ತಾಪ ಕೈಬಿಡಲಾಯಿತು. ಅಂತಹ ಸಭೆ ಇನ್ನೊಂದು ಪಂಚಾಯತಿಯಲ್ಲಿ ನಡೆಯದಿರಲಿ ಎಂಬುದೇ ಈ ಪಾಠದ ಉದ್ದೇಶ.

2. ನಮ್ಮ ಪ್ರದೇಶದ ಧೂಳು

ಬೊಬ್ರುವಾಡ ಸೇರಿದಂತೆ ಅಂಕೋಲಾ ಮತ್ತು ಕಾರವಾರ ತಾಲೂಕುಗಳ ಕರಾವಳಿ ಪಂಚಾಯತಿಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಅಧಿಕ ಮಳೆ ಬೀಳುತ್ತದೆ. ಆದುದರಿಂದ ಧೂಳು ಬಯಲುಸೀಮೆಯ ಸಮಸ್ಯೆಯೆಂದು ನಾವು ಭಾವಿಸುವುದುಂಟು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ಮಳೆ ಕೊಚ್ಚಿ ತಂದ ಕೆಮ್ಮಣ್ಣು ರಸ್ತೆಯಂಚಿನಲ್ಲಿ ಉಳಿದು, ನವೆಂಬರ್ ಬಳಿಕ ಒಣಗಿ, ಚಕ್ರಗಳಡಿ ಹುಡಿಯಾಗಿ ಮೇಲೇಳುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಂತಹ ಕಾಮಗಾರಿಗಳು, ಚಿರೇಕಲ್ಲು ಮತ್ತು ಜಲ್ಲಿ ಸಾಗಿಸುವ ಲಾರಿಗಳು, ಡಾಂಬರು ಕಾಣದ ಒಳದಾರಿಗಳು ಇದಕ್ಕೆ ಸೇರುತ್ತವೆ.

ಹಿಂದೆ ಕಬ್ಬಿಣದ ಅದಿರಿನ ಲಾರಿಗಳು ಯಲ್ಲಾಪುರದ ಕಡೆಯಿಂದ ಅರಬೈಲ್ ಘಟ್ಟವಿಳಿದು ಬೇಲೇಕೇರಿ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದ ಕಾಲವನ್ನು ಹಿರಿಯ ಸದಸ್ಯರು ಬಲ್ಲರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸುವವರೆಗೆ ಆ ಹೆದ್ದಾರಿಯ ಬದಿಯ ಮರ, ಮನೆ, ಅಂಗಡಿಗಳ ಮೇಲೆ ಕೆಂಪು ಪುಡಿ ಕೂರುತ್ತಿತ್ತು. ಎಲೆಯ ಮೇಲೆ ಕಂಡ ಆ ಪುಡಿಯೇ ವಾಹನಗಳ ಒಳಗೂ ಹೋಗುತ್ತಿತ್ತು. ಅದು ಕಾಣುತ್ತಿರಲಿಲ್ಲ, ಅಷ್ಟೇ.

ನಮ್ಮ ಧೂಳಿಗೆ ಎರಡು ವಿಶೇಷ ಗುಣಗಳಿವೆ. ಒಂದು, ಅದರಲ್ಲಿರುವ ಬೆಣಚುಕಲ್ಲಿನ ಕಣಗಳು ಎಂಜಿನ್ನಿನ ಸಾಮಾನ್ಯ ಉಕ್ಕು, ಬೀಡುಕಬ್ಬಿಣಗಳಿಗಿಂತ ಗಟ್ಟಿ. ಇನ್ನೊಂದು, ಕಡಲ ತೇವಭರಿತ ಗಾಳಿಯಲ್ಲಿ ಅದು ಹಾರಿಹೋಗದೆ ಅಂಟಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಕೊಡವಿದರೆ ಉದುರುವ ಧೂಳು, ನಮ್ಮಲ್ಲಿ ರೇಡಿಯೇಟರಿನ ಮೇಲೆ ಗಿಲಾಯಿಯಂತೆ ಕೂರುತ್ತದೆ.

3. ಎಂಜಿನ್ನಿನ ಶಾಖದ ಲೆಕ್ಕ

ಎಂಜಿನ್‌ಗೆ ನಾವು ಹಾಕುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ವಾಹನವನ್ನು ನಡೆಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಬಿಸಿ ಹೊಗೆಯಾಗಿ ಹೊರಹೋಗುತ್ತದೆ. ಉಳಿದ ಭಾಗವನ್ನು ಮುಖ್ಯವಾಗಿ ರೇಡಿಯೇಟರ್ ಗಾಳಿಗೆ ಬಿಡಬೇಕು. ಅಂದರೆ ಎಂಜಿನ್ ಸದಾ ಬಿಸಿಯಾಗುವ ಯಂತ್ರವೇ. ಹುಟ್ಟಿದ ಶಾಖ ಹೊರಹೋಗುವ ದಾರಿ ಕಟ್ಟಿದಾಗ, ಅಥವಾ ಹೋಗಬಲ್ಲುದಕ್ಕಿಂತ ಹೆಚ್ಚು ಶಾಖ ಹುಟ್ಟಿದಾಗ ಅದು ಅತಿಯಾಗಿ ಕಾಯುತ್ತದೆ. ಧೂಳು ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ.

ಗಾಳಿಯ ಅಗತ್ಯವನ್ನೂ ತಿಳಿಯಬೇಕು. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 12 ಕಿ.ಗ್ರಾಂ. ಗಾಳಿ ಬೇಕು, ಗಾತ್ರದಲ್ಲಿ ಅದು ಸುಮಾರು 10,000 ಲೀಟರ್. ಮನೆಯ ಮೇಲಿನ 1,000 ಲೀಟರಿನ ನೀರಿನ ಟ್ಯಾಂಕುಗಳನ್ನು ಹತ್ತು ಸಾಲಾಗಿ ಇಟ್ಟರೆ ಎಷ್ಟೋ ಅಷ್ಟು. ಡೀಸೆಲ್ ಎಂಜಿನ್ ವಾಸ್ತವದಲ್ಲಿ ಇದಕ್ಕಿಂತಲೂ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಷ್ಟೂ ಗಾಳಿ ಕೈಯಲ್ಲಿ ಹಿಡಿಯಬಹುದಾದ ಒಂದು ಕಾಗದದ ಫಿಲ್ಟರಿನ ಮೂಲಕವೇ ಸಾಗಬೇಕು.

4. ಎಂಜಿನ್ ಕಾಯಲು ಕಾರಣಗಳು

(ಅ) ರೇಡಿಯೇಟರಿನ ಹೊರಮೈ ಮುಚ್ಚುವುದು. ರೇಡಿಯೇಟರಿನ ತೆಳು ಪಟ್ಟಿಗಳ ನಡುವೆ ಗಾಳಿ ಹಾದುಹೋದರೆ ಮಾತ್ರ ಒಳಗಿನ ನೀರು ತಣಿಯುತ್ತದೆ. ಅಲ್ಲಿ ಧೂಳು, ಹುಳ, ಎಣ್ಣೆಯ ಜಿಡ್ಡು ಸೇರಿದರೆ ಗಾಳಿ ಸಾಗದು. ಕಸದ ವಾಹನಕ್ಕೆ ಇನ್ನೊಂದು ಅಪಾಯವೂ ಉಂಟು: ಹಾರಿಬಂದ ಒಂದೇ ಒಂದು ಪ್ಲಾಸ್ಟಿಕ್ ಚೀಲ ಜಾಲರಿಗೆ ಅಂಟಿ ರೇಡಿಯೇಟರಿನ ದೊಡ್ಡ ಭಾಗವನ್ನು ಮುಚ್ಚಬಲ್ಲದು.

(ಆ) ಏರ್ ಫಿಲ್ಟರ್ ಕಟ್ಟಿಕೊಳ್ಳುವುದು. ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ಣ ಉರಿಯದು. ಕಪ್ಪು ಹೊಗೆ ಬರುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ಚಾಲಕರು ಸಹಜವಾಗಿಯೇ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾರೆ. ಇಂಧನ ಹೆಚ್ಚುತ್ತದೆ, ಗಾಳಿ ಹೆಚ್ಚುವುದಿಲ್ಲ. ಹೊಗೆಯ ಉಷ್ಣತೆ ಏರುತ್ತದೆ. ಹೊಸ ಎಲೆಕ್ಟ್ರಾನಿಕ್ ಎಂಜಿನ್‌ಗಳಲ್ಲಿ ಸಂವೇದಕಗಳು ಇಂಧನವನ್ನು ತಾವೇ ಕಡಿತಗೊಳಿಸುವುದರಿಂದ ಕಪ್ಪು ಹೊಗೆ ಕಾಣದಿರಬಹುದು. ಆಗ "ಗಾಡಿ ಎಳೀತಿಲ್ಲ" ಎಂಬ ಚಾಲಕಿಯ ಮಾತೇ ಮೊದಲ ಸೂಚನೆ.

(ಇ) ಧೂಳು ಒಳನುಗ್ಗುವುದು. ಫಿಲ್ಟರ್ ಹರಿದಿದ್ದರೆ, ಅದರ ರಬ್ಬರ್ ಅಂಚು ಸರಿಯಾಗಿ ಕೂರದಿದ್ದರೆ, ಅಥವಾ ಫಿಲ್ಟರಿನ ನಂತರದ ಕೊಳವೆ ಸೀಳಿದ್ದರೆ ಶೋಧಿಸದ ಗಾಳಿ ನೇರವಾಗಿ ಎಂಜಿನ್ ಸೇರುತ್ತದೆ. ಬೆಣಚಿನ ಕಣಗಳು ಪಿಸ್ಟನ್ ರಿಂಗ್ ಮತ್ತು ಸಿಲಿಂಡರಿನ ಒಳಗೋಡೆಯನ್ನು ಮರಳುಕಾಗದದಂತೆ ಉಜ್ಜುತ್ತವೆ. ಸವೆದ ಸಂದಿನಿಂದ ಉರಿಯುವ ಅನಿಲ ಕೆಳಗಿಳಿದು ಎಂಜಿನ್ ಆಯಿಲನ್ನು ಕೆಡಿಸುತ್ತದೆ. ಕೆಟ್ಟ ಆಯಿಲ್ ಘರ್ಷಣೆಯನ್ನು ಹೆಚ್ಚಿಸುತ್ತದೆ, ಘರ್ಷಣೆ ಶಾಖವನ್ನು ಹೆಚ್ಚಿಸುತ್ತದೆ. ಕಟ್ಟಿದ ಫಿಲ್ಟರಿಗಿಂತ ಹರಿದ ಫಿಲ್ಟರ್ ಹೆಚ್ಚು ಅಪಾಯಕಾರಿ. ಮೊದಲನೆಯದು ವಾಹನವನ್ನು ನಿಲ್ಲಿಸುತ್ತದೆ, ಎರಡನೆಯದು ನಿಲ್ಲಿಸದೆಯೇ ಸವೆಸುತ್ತದೆ.

(ಈ) ಕೂಲಂಟ್ ಬದಲಿಗೆ ಬಾವಿಯ ನೀರು. ನೀರು ಕಡಿಮೆಯಾದಾಗ ಹತ್ತಿರದ ಬಾವಿಯಿಂದ ತಂದು ತುಂಬುವ ಅಭ್ಯಾಸ ನಮ್ಮಲ್ಲಿದೆ. ಕರಾವಳಿಯ ಅನೇಕ ಬಾವಿಗಳಲ್ಲಿ ಬೇಸಿಗೆಯಲ್ಲಿ ಉಪ್ಪಿನಂಶ ಏರುತ್ತದೆ. ಉಪ್ಪು ಲೋಹವನ್ನು ತಿನ್ನುತ್ತದೆ. ಗಡಸು ನೀರಿನ ಲವಣ ಒಳಗೋಡೆಯಲ್ಲಿ ಗಂಟುಕಟ್ಟಿ ಶಾಖವನ್ನು ತಡೆಯುತ್ತದೆ. ಹೊರಗಿನಿಂದ ಧೂಳು, ಒಳಗಿನಿಂದ ಲವಣ ಸೇರಿದರೆ ರೇಡಿಯೇಟರ್ ಎರಡೂ ಕಡೆ ಮುಚ್ಚಿದಂತೆ. ತಯಾರಕರು ಹೇಳಿದ ಕೂಲಂಟನ್ನು, ಹೇಳಿದ ಪ್ರಮಾಣದಲ್ಲಿ ಶುದ್ಧೀಕರಿಸಿದ ನೀರಿನೊಂದಿಗೆ ಬೆರೆಸಿಯೇ ಬಳಸಬೇಕು.

(ಉ) ನಿಧಾನಗತಿ ಮತ್ತು ಅತಿಭಾರ. ಹೆದ್ದಾರಿಯಲ್ಲಿ ಓಡುವ ವಾಹನದ ರೇಡಿಯೇಟರಿಗೆ ಎದುರುಗಾಳಿ ತಾನಾಗಿ ನುಗ್ಗುತ್ತದೆ. ಮನೆಯಿಂದ ಮನೆಗೆ ಒಂದನೆಯ, ಎರಡನೆಯ ಗೇರಿನಲ್ಲಿ ತೆವಳುವ ಸ್ವಚ್ಛ ವಾಹಿನಿಗೆ ಫ್ಯಾನ್ ಒಂದೇ ಆಸರೆ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ ಅದೂ ಇಲ್ಲ. ಹಸಿ ಕಸ, ಒಣ ಕಸ ಬೇರ್ಪಡಿಸದೆ ನೀರಿಳಿಯುವ ಕಸವನ್ನು ಒಟ್ಟಿಗೆ ತುಂಬಿದರೆ ಭಾರವೂ ಮಿತಿ ಮೀರುತ್ತದೆ. ಹೀಗೆ, ಕಸ ವಿಂಗಡಣೆಗೂ ಎಂಜಿನ್ನಿನ ಆಯುಷ್ಯಕ್ಕೂ ಸಂಬಂಧವಿದೆ.

5. ಸೈಲೆನ್ಸರ್ ಏಕೆ ಅತಿಯಾಗಿ ಕಾಯುತ್ತದೆ?

ಭಾರ ಎಳೆಯುವ ಡೀಸೆಲ್ ಎಂಜಿನ್‌ನಿಂದ ಹೊರಬೀಳುವ ಹೊಗೆ 500 ಡಿಗ್ರಿ ಸೆಲ್ಸಿಯಸ್ ದಾಟುವುದು ಅಸಹಜವಲ್ಲ. ಏರ್ ಫಿಲ್ಟರ್ ಕಟ್ಟಿದ್ದರೆ, ಟರ್ಬೊ ಕೊಳವೆ ಸೋರುತ್ತಿದ್ದರೆ ಅದು ಇನ್ನೂ ಏರುತ್ತದೆ. ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಲ್ಲಿ ಸ್ಪಾರ್ಕ್ ಪ್ಲಗ್ ಸರಿಯಾಗಿ ಕೆಲಸ ಮಾಡದಿದ್ದರೆ, ಉರಿಯದ ಇಂಧನ ಸೈಲೆನ್ಸರಿಗೆ ಹೋಗಿ ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತದೆ; ಆ ಭಾಗ ಕೆಂಡದಂತೆ ಕೆಂಪಾಗಬಲ್ಲದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಬಳಿಕ ಅನೇಕ ಡೀಸೆಲ್ ವಾಹನಗಳಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಶೋಧಕ ಸೇರಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಉಷ್ಣತೆಯಲ್ಲಿ ಸುಟ್ಟು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಇದಕ್ಕೆ ವಾಹನ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಿಂತು ನಿಂತು ಸಾಗುವ ವಾಹನಕ್ಕೆ ಆ ಅವಕಾಶ ಸಿಗದು. ಮಸಿ ತುಂಬಿ ಹೊಗೆಯ ದಾರಿ ಕಟ್ಟುತ್ತದೆ, ಎಂಜಿನ್ ಮತ್ತಷ್ಟು ಕಾಯುತ್ತದೆ. ನಿಮ್ಮ ವಾಹನದಲ್ಲಿ ಡಿಪಿಎಫ್ ಇದ್ದು ಅದರ ದೀಪ ಉರಿದರೆ, ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಓಡಿಸಿ ಬರಲು ಚಾಲಕಿಗೆ ಅನುಮತಿ ಇರಬೇಕು. ಆ ಡೀಸೆಲ್ ವ್ಯರ್ಥ ಖರ್ಚಲ್ಲ.

ಇಲ್ಲಿ ಬೆಂಕಿಯ ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ಬೇಸಿಗೆಯಲ್ಲಿ ಬೇಣದ ಒಣ ಹುಲ್ಲು, ಗೇರು ತೋಪಿನ ದರಕು, ಘಟಕದ ಅಂಗಳದಲ್ಲಿ ಹರಡಿದ ಕಾಗದ ಇವು ಯಾವುವೂ ಕಾದ ಸೈಲೆನ್ಸರನ್ನು ತಡೆದುಕೊಳ್ಳಲಾರವು. ಸೈಲೆನ್ಸರಿಗೆ ಅಂಟಿದ ಪ್ಲಾಸ್ಟಿಕ್, ಸುತ್ತಿಕೊಂಡ ಹುಲ್ಲು, ಮೆತ್ತಿದ ಕೆಸರುಗಳನ್ನು ಆಗಾಗ ತೆಗೆಯಬೇಕು. ವಾಹನವನ್ನು ಒಣ ಹುಲ್ಲಿನ ಮೇಲಾಗಲಿ, ಒಣ ಕಸದ ರಾಶಿಯ ಪಕ್ಕದಲ್ಲಾಗಲಿ ನಿಲ್ಲಿಸಲೇಬಾರದು.

6. ಕಿಲೋಮೀಟರಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಸದಸ್ಯರು ಈ ಪಾಠದಲ್ಲಿ ಒಂದನ್ನೇ ನೆನಪಿಡುವುದಾದರೆ ಈ ಭಾಗವನ್ನು ನೆನಪಿಡಬೇಕೆಂದು ಕೋರುತ್ತೇನೆ.

ಉದಾಹರಣೆಗೆ, ಒಂದು ಸ್ವಚ್ಛ ವಾಹಿನಿ ದಿನಕ್ಕೆ 5 ಗಂಟೆ ದುಡಿದು 25 ಕಿ.ಮೀ. ಸಾಗುತ್ತದೆ ಎಂದುಕೊಳ್ಳೋಣ. ಅದರ ಸರ್ವಿಸ್ 10,000 ಕಿ.ಮೀ.ಗೆ ಒಮ್ಮೆ ಎಂದಿದ್ದರೆ, ಆ ಅಂಕಿ ಮುಟ್ಟಲು 400 ಕೆಲಸದ ದಿನಗಳು ಬೇಕು. ಅಷ್ಟರಲ್ಲಿ ಎಂಜಿನ್ 2,000 ಗಂಟೆ ತಿರುಗಿರುತ್ತದೆ. ಅದೇ ವಾಹನ ಹೆದ್ದಾರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿದ್ದರೆ 10,000 ಕಿ.ಮೀ.ಗೆ 250 ಗಂಟೆ ಸಾಕು. ಅಂದರೆ ಮೀಟರಿನಲ್ಲಿ ಒಂದೇ ಅಂಕಿ ಕಂಡರೂ ನಮ್ಮ ವಾಹನದ ಎಂಜಿನ್ ಎಂಟು ಪಟ್ಟು ಹೊತ್ತು ದುಡಿದಿರುತ್ತದೆ. ಅದೂ ಧೂಳಿನ ನಡುವೆ, ಎದುರುಗಾಳಿಯಿಲ್ಲದೆ, ಕೆಳಗಿನ ಗೇರಿನಲ್ಲಿ.

ಟ್ರ್ಯಾಕ್ಟರಿನ ಸರ್ವಿಸನ್ನು ಗಂಟೆಗಳಲ್ಲಿ ಲೆಕ್ಕ ಹಾಕುವುದು ಈ ಕಾರಣಕ್ಕೇ. ರೈತ ಸದಸ್ಯರಿಗೆ ಇದು ತಿಳಿದ ವಿಷಯ. ಕಸದ ವಾಹನವೂ ಕೆಲಸದಲ್ಲಿ ಟ್ರ್ಯಾಕ್ಟರಿನ ಬಂಧುವೇ ಹೊರತು ಸರಕು ಸಾಗಣೆಯ ಲಾರಿಯ ಬಂಧುವಲ್ಲ. ಹೆಚ್ಚಿನ ವಾಹನಗಳ ಕೈಪಿಡಿಯಲ್ಲಿ ಧೂಳಿನ ರಸ್ತೆ, ನಿಧಾನಗತಿ ಮುಂತಾದ ಕಠಿಣ ಬಳಕೆಗೆ ಬೇಗನೆ ಸರ್ವಿಸ್ ಮಾಡಿಸಬೇಕೆಂಬ ಸೂಚನೆ ಇದ್ದೇ ಇರುತ್ತದೆ. ನಾವು ಆ ಪುಟವನ್ನು ತೆರೆಯುವುದಿಲ್ಲ.

7. ನಿತ್ಯದ ಆರೈಕೆ

ಪ್ರತಿದಿನ, ಎಂಜಿನ್ ತಣ್ಣಗಿರುವಾಗ ಐದು ನಿಮಿಷ:

• ಕೂಲಂಟ್ ಮತ್ತು ಎಂಜಿನ್ ಆಯಿಲ್ ಮಟ್ಟ ನೋಡುವುದು.
• ಜಾಲರಿ, ರೇಡಿಯೇಟರ್, ಸೈಲೆನ್ಸರಿಗೆ ಸಿಕ್ಕಿದ ಪ್ಲಾಸ್ಟಿಕ್ ಮತ್ತು ಹುಲ್ಲನ್ನು ತೆಗೆಯುವುದು.
• ವಾಹನದ ಅಡಿಯಲ್ಲಿ ಸೋರಿಕೆಯ ಗುರುತು ಇದೆಯೇ ಎಂದು ಗಮನಿಸುವುದು.

ಧೂಳಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆ:

• ರೇಡಿಯೇಟರನ್ನು ಕಡಿಮೆ ಒತ್ತಡದ ನೀರಿನಿಂದ, ಸಾಧ್ಯವಾದಲ್ಲಿ ಎಂಜಿನ್ ಇರುವ ಕಡೆಯಿಂದ ಹೊರಮುಖವಾಗಿ ತೊಳೆಯುವುದು. ಜೋರಿನ ನೀರು ಪಟ್ಟಿಗಳನ್ನು ಬಾಗಿಸುತ್ತದೆ.
• ಫ್ಯಾನ್ ಬೆಲ್ಟಿನ ಬಿಗಿತ, ಗಾಳಿ ಕೊಳವೆಯ ಕ್ಲಿಪ್ಪುಗಳನ್ನು ಪರೀಕ್ಷಿಸುವುದು.
• ಫಿಲ್ಟರ್ ಪೆಟ್ಟಿಗೆಯ ಧೂಳು ಬೀಳುವ ರಬ್ಬರ್ ಬಾಯಿಯನ್ನು ಒತ್ತಿ ಖಾಲಿ ಮಾಡುವುದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಎಣ್ಣೆಯ ಫಿಲ್ಟರ್ ಇದ್ದರೆ ಕೆಸರು ತೆಗೆದು ಎಣ್ಣೆ ಬದಲಿಸುವುದು.

ಕಾಗದದ ಏರ್ ಫಿಲ್ಟರಿನ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಅದನ್ನು ನೀರಿನಲ್ಲಿ ತೊಳೆಯಬಾರದು, ಕಲ್ಲಿಗೆ ಬಡಿಯಬಾರದು. ಕೈಪಿಡಿ ಅನುಮತಿಸಿದರೆ ಮಾತ್ರ ಕಡಿಮೆ ಒತ್ತಡದ ಗಾಳಿಯಿಂದ ಒಳಗಿನಿಂದ ಹೊರಕ್ಕೆ ಊದಬೇಕು. ಹಾಗೆಂದು ದಿನವೂ ಬಿಚ್ಚುವುದೂ ತಪ್ಪು. ಪ್ರತಿ ಸಲ ತೆರೆದಾಗಲೂ ಸ್ವಲ್ಪ ಧೂಳು ಒಳಗಡೆ ಬೀಳುತ್ತದೆ. ಸಂದೇಹವಿದ್ದಲ್ಲಿ ಹೊಸದನ್ನು ಹಾಕುವುದೇ ಮಿತವ್ಯಯ. ಫಿಲ್ಟರಿನ ಬೆಲೆ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಇರುತ್ತದೆ. ಎಂಜಿನ್ ಬಿಚ್ಚಿ ಜೋಡಿಸುವ ಬಿಲ್ಲು ಹತ್ತಾರು ಸಾವಿರದ ಲೆಕ್ಕದಲ್ಲಿ ಬರುತ್ತದೆ.

ಚಾಲನೆಯಲ್ಲಿಯೂ ಕ್ರಮವಿದೆ. ಮುಂದಿನ ಲಾರಿಯ ಧೂಳಿನೊಳಗೇ ಹೋಗದೆ, ಧೂಳು ಅಡಗುವಷ್ಟು ಅಂತರ ಬಿಡಬೇಕು. ಟರ್ಬೊ ಇರುವ ವಾಹನವು ಏರು ಹತ್ತಿ ಬಂದ ಕೂಡಲೇ ಎಂಜಿನ್ ನಿಲ್ಲಿಸದೆ, ಒಂದೆರಡು ನಿಮಿಷ ಹಾಗೆಯೇ ತಿರುಗಲು ಬಿಡಬೇಕು.

8. ಸೂಜಿ ಕೆಂಪು ಗೆರೆಯತ್ತ ಏರಿದಾಗ

1. ವಾಹನವನ್ನು ಹುಲ್ಲಿಲ್ಲದ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. "ಇನ್ನು ನಾಲ್ಕೇ ಮನೆ" ಎಂದು ಮುಂದೆ ಹೋಗಬಾರದು.
2. ಹಬೆ ಬರುತ್ತಿದ್ದರೆ ಅಥವಾ ಎಚ್ಚರಿಕೆಯ ದೀಪ ಉರಿದರೆ ಎಂಜಿನನ್ನು ಕೂಡಲೇ ನಿಲ್ಲಿಸಬೇಕು.
3. ರೇಡಿಯೇಟರ್ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ; ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮುಟ್ಟಿದರೆ ತಣ್ಣಗಿರುವಾಗ ಮಾತ್ರ ತೆರೆಯಬೇಕು.
4. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು; ಲೋಹ ಬಿರುಕು ಬಿಡಬಹುದು.
5. ಕಾರಣ ತಿಳಿಯದೆ ಮತ್ತೆ ಓಡಿಸಬಾರದು. ಕಚೇರಿಗೆ ತಿಳಿಸಿ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು.

ಐದನೆಯ ಅಂಶ ಚಾಲಕಿಯೊಬ್ಬರಿಂದಲೇ ಪಾಲನೆಯಾಗದು. ವಾಹನ ನಿಲ್ಲಿಸಿದ್ದಕ್ಕೆ ಬೈಗುಳ ಕೇಳಬೇಕಾಗುತ್ತದೆ ಎಂಬ ಅಂಜಿಕೆ ಇದ್ದರೆ ಅವರು ಓಡಿಸುತ್ತಲೇ ಇರುತ್ತಾರೆ, ಎಂಜಿನ್ ಸುಡುತ್ತದೆ. ನಿಲ್ಲಿಸುವ ಅಧಿಕಾರವನ್ನು ಪಂಚಾಯತಿ ಅವರಿಗೆ ಲಿಖಿತವಾಗಿ ಕೊಡಬೇಕು.

9. ಸದಸ್ಯರು ಕೈಗೊಳ್ಳಬಹುದಾದ ನಿರ್ಣಯ

ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ಒಳಗೊಂಡ ನಿರ್ಣಯವನ್ನು ಪರಿಶೀಲಿಸಬಹುದು:

1. ಲಾಗ್ ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ದುಡಿದ ಗಂಟೆಗಳ ಅಂಕಣ ಸೇರಿಸುವುದು. ಕೈಪಿಡಿಯ ಕಠಿಣ ಬಳಕೆಯ ಸೂಚನೆಯಂತೆ, ಸರ್ವಿಸ್ ಕೇಂದ್ರದ ಸಲಹೆ ಪಡೆದು, ಗಂಟೆಗಳ ಆಧಾರದಲ್ಲಿ ಸರ್ವಿಸ್ ಅವಧಿ ನಿಗದಿಪಡಿಸುವುದು.
2. ಚಾಲಕರ ದೂರಿಗೆ ಪ್ರತ್ಯೇಕ ಅಂಕಣವಿದ್ದು, ಮರುದಿನದೊಳಗೆ ಕೈಗೊಂಡ ಕ್ರಮವನ್ನು ಪಂಚಾಯತ್ ಅಭಿವೃದ್ಧಿ ಅಧಿಕಾರಿ ಬರೆದು ಸಹಿ ಮಾಡುವುದು.
3. ನವೆಂಬರ್ ಆರಂಭದಲ್ಲಿ ಏರ್ ಫಿಲ್ಟರ್, ಕೂಲಂಟ್, ಬೆಲ್ಟ್ ಇವುಗಳ ಒಂದು ಹೆಚ್ಚುವರಿ ಜೊತೆ ಖರೀದಿಸಿ ಕಚೇರಿಯಲ್ಲಿ ಇಡುವುದು. ಇದಕ್ಕೆ ಕಸ ಸಂಗ್ರಹಣೆಯ ಬಳಕೆದಾರರ ಶುಲ್ಕದಿಂದ ಅಥವಾ ಅನುಮತಿಸಿದ ಅನುದಾನದಿಂದ ಆಯವ್ಯಯದಲ್ಲಿ ಮೊತ್ತ ಕಾಯ್ದಿರಿಸುವುದು.
4. ಅತಿಯಾಗಿ ಕಾದ ವಾಹನವನ್ನು ನಿಲ್ಲಿಸಿದ ಚಾಲಕರ ಮೇಲೆ ಕ್ರಮವಿಲ್ಲವೆಂದು, ಕಾರಣ ಪರಿಶೀಲಿಸದೆ ದುರಸ್ತಿ ವೆಚ್ಚವನ್ನು ಅವರಿಂದ ವಸೂಲು ಮಾಡಬಾರದೆಂದು ದಾಖಲಿಸುವುದು.
5. ರಸ್ತೆ ಕಾಮಗಾರಿ ನಡೆಯುವ ಕಡೆ ನೀರು ಚಿಮುಕಿಸುವಂತೆ ಗುತ್ತಿಗೆದಾರರಿಗೆ ಪತ್ರ ಬರೆಯುವುದು. ಇದು ಎಂಜಿನ್ನಿಗಿಂತ ಮೊದಲು ಮಕ್ಕಳ ಉಸಿರಾಟಕ್ಕೆ ಅಗತ್ಯ.

ಪೀಠಿಕೆಯಲ್ಲಿ ಹೇಳಿದ ಪಂಚಾಯತಿಯಲ್ಲಿ ನಾವು ಮೊದಲು ಜಾರಿಗೆ ತಂದದ್ದು ಎರಡನೆಯ ಅಂಶವನ್ನು. ದೂರಿನ ಅಂಕಣದಲ್ಲಿ ಆ ಚಾಲಕಿ ಬರೆದ ಮೊದಲ ಸಾಲು, ಬೆಲ್ಟಿನಿಂದ ಕೀಚಲು ಸದ್ದು ಬರುತ್ತಿದೆ ಎಂಬುದು. ಮರುದಿನವೇ ಬೆಲ್ಟ್ ಬದಲಾಯಿಸಿದೆವು. ಅಂದು ಕಸದ ಸಂಗ್ರಹಣೆ ಒಂದು ಗಂಟೆ ತಡವಾಯಿತು, ಅಷ್ಟೇ.

10. ಚರ್ಚೆಗಾಗಿ ಪ್ರಶ್ನೆಗಳು

1. ನಮ್ಮ ಪಂಚಾಯತಿಯ ವಾಹನ ದಿನಕ್ಕೆ ಎಷ್ಟು ಗಂಟೆ ದುಡಿಯುತ್ತದೆ, ಎಷ್ಟು ಕಿ.ಮೀ. ಸಾಗುತ್ತದೆ? ಮುಂದಿನ ಸರ್ವಿಸ್ ದಿನಾಂಕದವರೆಗೆ ಎಷ್ಟು ಗಂಟೆಯಾಗುತ್ತದೆ?
2. ಏರ್ ಫಿಲ್ಟರನ್ನು ಕೊನೆಯದಾಗಿ ಬದಲಿಸಿದ್ದು ಯಾವಾಗ? ಅದಕ್ಕೆ ದಾಖಲೆ ಇದೆಯೇ?
3. ಕಳೆದ ಮೂರು ತಿಂಗಳಲ್ಲಿ ಚಾಲಕರು ಹೇಳಿದ ಯಾವ ದೂರುಗಳು ಬರಹಕ್ಕೆ ಇಳಿಯದೆ ಉಳಿದಿವೆ?
4. ವಾಹನ ನಿಲ್ಲಿಸುವ ಜಾಗದಲ್ಲಿ ಒಣ ಹುಲ್ಲು ಅಥವಾ ಒಣ ಕಸ ಇದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಿನ ಚಾಲಕರನ್ನೂ ಸಭೆಗೆ ಆಹ್ವಾನಿಸಬೇಕೆಂದು ವಿನಂತಿ.

– ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಅಂಕೋಲಾ ತಾಲೂಕು